ಆರು ಗೋಡೆಗೆ ಒಂದೇ ದೋಣಿ

ಗಂಡ ಬದುಕಿದ್ದಾಗ ರೂಮು ಹುಡುಕುವ ಕೆಲಸ ಅವನದಾಗಿತ್ತು. ಊರೂರು ಸುತ್ತಿ ಅಂಗಡಿ, ಕಾರ್ಖಾನೆಗಳ ತೂಕದ ಯಂತ್ರಗಳನ್ನು ಪರೀಕ್ಷಿಸುವುದು ಅವನ ಉದ್ಯೋಗ. ತಿಂಗಳಲ್ಲಿ ಹದಿನೈದು ದಿನ ಅವನ ತಲೆ ಬೇರೆಯವರ ದಿಂಬಿನ ಮೇಲೆ. ಹಾಗಾಗಿ ಬುಕಿಂಗ್ ತಾಣಗಳ ವಿಷಯದಲ್ಲಿ ಅವನದು ಪಳಗಿದ ಕೈ.

“ಹೊಗಳಿಕೆ ಓದಬೇಡ, ಬೈಗುಳ ಓದು,” ಎಂದು ಹೆಂಡತಿಗೆ ಪಾಠ ಹೇಳುತ್ತಿದ್ದ. “ಹೊಗಳೋನಿಗೆ ಅವಸರ, ಬೈಯೋನಿಗೆ ಪುರಸೊತ್ತು. ಟವೆಲ್‌ನ ಮಡಚಿ ಹಂಸ ಮಾಡಿಟ್ಟಿದ್ದಾರೆ ಅಂದ್ರೆ ಬಚ್ಚಲಲ್ಲಿ ನೀರು ಬರಲ್ಲ ಅಂತ ತಿಳ್ಕೋ.”

ಇಷ್ಟೆಲ್ಲ ತಿಳಿದವನು ಎಂಟು ತಿಂಗಳ ಹಿಂದೆ ಅಂಥದೇ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ ತೀರಿಕೊಂಡ. ಮೂವತ್ತಾರು ವರ್ಷ. ಹಾಸಿಗೆಯಲ್ಲಿ, ನಿದ್ರೆಯಲ್ಲಿ, ಹೃದಯಾಘಾತದಿಂದ ಎಂದು ಡಾಕ್ಟರು ಬರೆದ ಕಾಗದದಲ್ಲಿತ್ತು. ಆ ‘ನಿದ್ರೆಯಲ್ಲಿ’ ಎಂಬ ಒಂದು ಮಾತನ್ನು ಇಡೀ ಬಳಗ ಮುಳುಗುವವರು ಹಗ್ಗ ಹಿಡಿದಂತೆ ಹಿಡಿದುಕೊಂಡಿತು. ಪುಣ್ಯವಂತ, ಒಂದು ನರಳಿಕೆಯೂ ಇಲ್ಲದೆ ಹೋದ ಎಂದರು. ಅವನ ತಾಯಿ ಅದನ್ನು ಬಂದವರಿಗೆಲ್ಲ ಹೇಳಿದರು. ಯಾರೂ ಬರದ ದಿನ ತಮಗೇ ಹೇಳಿಕೊಂಡರು.

ಹೆಂಡತಿಗೆ ಆ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಆಸ್ಪತ್ರೆಯಿಂದ ಬಂದ ಬಟ್ಟೆಯ ಗಂಟನ್ನು ಬಿಚ್ಚಿದವಳು ಅವಳು. ಅದರಲ್ಲಿ ಕೆಲಸಕ್ಕೆ ಹಾಕುವ ಪ್ಯಾಂಟು ಇತ್ತು, ಪ್ಯಾಂಟಿನಲ್ಲಿ ಬೆಲ್ಟು ಇತ್ತು. ಬೆಲ್ಟು ಬಿಗಿದುಕೊಂಡು ಮಲಗುವ ಮನುಷ್ಯ ಅವನಾಗಿರಲಿಲ್ಲ. ಹೊರಗಿನಿಂದ ಬಂದರೆ ಬೂಟಿಗಿಂತ ಮೊದಲು ಅವನು ಬೆಲ್ಟು ಕಳಚುತ್ತಿದ್ದ.

ಫ್ಲ್ಯಾಟಿನ ಮಾಲೀಕನಿಗೆ ಎರಡು ಸಲ ಫೋನ್ ಮಾಡಿದಳು. ಮೊದಲ ಸಲ ಅವನು, “ಕಾಗದದಲ್ಲಿ ಬರೆದಿದೆಯಲ್ಲ ಮೇಡಮ್,” ಎಂದ. ಎರಡನೇ ಸಲ ಎತ್ತಲಿಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ಅವಳ ಕೆಲಸ. ಎಂಟು ತಿಂಗಳು ಪುಸ್ತಕ ಕೊಟ್ಟಳು, ಪುಸ್ತಕ ತೆಗೆದುಕೊಂಡಳು. ಒಂದು ದಿನ ಮೂರು ದಿನದ ರಜೆ ಬರೆದುಕೊಟ್ಟು ಮನೆಗೆ ಬಂದು ಚೀಲ ತುಂಬತೊಡಗಿದಳು.

“ಎಲ್ಲಿಗೆ?” ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

“ಆ ಊರಿಗೆ ಅತ್ತೆ.”

“ಬೂದಿ ಕೆದಕಿದ್ರೆ ಕೈ ಸುಡುತ್ತೆ, ಇಲ್ಲ ಮಸಿಯಾಗುತ್ತೆ. ಮೂರನೇದು ಏನೂ ಸಿಗಲ್ಲ.”

“ಅವರು ನಿದ್ದೇಲಿ ಹೋದ್ರೋ ಎಚ್ಚರದಲ್ಲಿ ಹೋದ್ರೋ ನನಗೆ ಗೊತ್ತಾಗ್ಬೇಕು.”

“ಗೊತ್ತಾದ್ರೆ ಎದ್ದು ಬರ್ತಾನಾ?”

“ಇಲ್ಲ.”

“ಮತ್ತೆ?”

ಅವಳು ಚೀಲದ ಜಿಪ್ ಎಳೆದಳು. ಅತ್ತೆ, “ಹೊತ್ತಿಗೆ ಸರಿಯಾಗಿ ಊಟ ಮಾಡು,” ಎಂದು ಒಳಗೆ ಹೋದರು.

ರಜೆ ಹಾಕುವ ಮೊದಲೇ ಫ್ಲ್ಯಾಟು ಹುಡುಕಿದ್ದಳು. ಅದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಕಾಗದದಲ್ಲಿ ಬೀದಿ ಮತ್ತು ಕಟ್ಟಡ ಇದ್ದವು, ಫ್ಲ್ಯಾಟಿನ ಸಂಖ್ಯೆ ಇರಲಿಲ್ಲ. ಗಂಡನ ಖಾತೆಯಲ್ಲಿ ‘ಹಿಂದಿನ ಪ್ರವಾಸಗಳು’ ಎಂದು ಒತ್ತಿದರೆ ಕೊನೆಯದು ಮಾತ್ರ ಬೂದು ಬಣ್ಣಕ್ಕೆ ತಿರುಗಿತ್ತು: ಈ ಮನೆ ಈಗ ಲಭ್ಯವಿಲ್ಲ. ಅದೇ ಕಟ್ಟಡದಲ್ಲಿ ಆರು ಫ್ಲ್ಯಾಟುಗಳು ಬಾಡಿಗೆಗಿದ್ದವು. ಆರಕ್ಕೂ ಈಗ ಸಂಖ್ಯೆಯ ಬದಲು ಹೆಸರು. ನೆಮ್ಮದಿ, ಹೊಂಗಿರಣ, ತಂಗಾಳಿ, ಹೀಗೆ. ಯಾರು ಎಲ್ಲಿ ಸತ್ತರೆಂದು ಹೆಸರಿನಿಂದ ಹೇಗೆ ತಿಳಿಯುತ್ತದೆ?

ಅವಳ ಬಳಿ ಇದ್ದದ್ದು ಒಂದೇ ಗುರುತು. ತೀರಿಕೊಳ್ಳುವ ಹಿಂದಿನ ಸಂಜೆ ಅವನು ರೂಮಿನ ಫೋಟೋ ಕಳಿಸಿದ್ದ. ನೀಲಿ ತಲೆಹಲಗೆಯ ಮಂಚ, ಅದರ ಮೇಲೆ ಗೋಡೆಗೆ ತೂಗುಹಾಕಿದ ಒಂದು ದೋಣಿಯ ಚಿತ್ರ. ಕೆಳಗೆ ಬರೆದಿದ್ದ: “ಹಂಸ ಇಲ್ಲ. ದೋಣಿ ಇದೆ.”

ಎರಡು ದಿನ ಆರು ಫ್ಲ್ಯಾಟುಗಳ ಫೋಟೋಗಳನ್ನು ಹಿಗ್ಗಿಸಿ ನೋಡಿದಳು. ಐದರಲ್ಲಿ ಬರೀ ಹೂದಾನಿ, ಕಿಟಕಿ, ಕಾಫಿ ಬಟ್ಟಲು. ‘ಹೊಂಗಿರಣ’ ಎಂಬುದರ ಏಳನೇ ಫೋಟೋದಲ್ಲಿ ದೋಣಿ ಸಿಕ್ಕಿತು. ಅದನ್ನೇ ಬುಕ್ ಮಾಡಿದಳು. ‘ನಿಮ್ಮ ಪ್ರವಾಸದ ಉದ್ದೇಶ?’ ಎಂದು ತಾಣ ಕೇಳಿತು. ಕೆಲಸ, ವಿಹಾರ ಎಂದು ಎರಡೇ ಉತ್ತರಗಳಿದ್ದವು. ಕೆಲಸ ಎಂದು ಒತ್ತಿದಳು.

ಕಟ್ಟಡಕ್ಕೆ ಲಿಫ್ಟು ಇರಲಿಲ್ಲ. ಬಾಗಿಲ ಪಕ್ಕ ಗೋಡೆಗೆ ಬಡಿದ ಪುಟ್ಟ ಪೆಟ್ಟಿಗೆಯಲ್ಲಿ, ಮೊಬೈಲಿಗೆ ಬಂದ ನಾಲ್ಕು ಅಂಕಿ ತಿರುಗಿಸಿದರೆ ಬೀಗದ ಕೈ. ಮನುಷ್ಯರ ಮುಖ ನೋಡದೆಯೇ ಒಳಗೆ ಹೋಗಬಹುದು. ನೀಲಿ ಮಂಚ ಇತ್ತು. ದೋಣಿ ಇತ್ತು. ಅವಳು ಚಪ್ಪಲಿ ಬಿಟ್ಟು, ಮಂಚದ ಎಡಗಡೆ, ಅವನು ಮಲಗುತ್ತಿದ್ದ ಬದಿಗೆ, ಕೈಯಿಟ್ಟು ಕುಳಿತಳು. ಆಮೇಲೆ ಮಲಗಿದಳು. ದಿಂಬಿಗೆ ಮುಖ ಒತ್ತಿದಳು. ಎಂಟು ತಿಂಗಳಿಂದ ಬಾರದ ಅಳು ಅಲ್ಲಿ ಅಷ್ಟಿಷ್ಟು ಬಂತು. ಕತ್ತಲಾದದ್ದೂ ಬೆಳಗಾದದ್ದೂ ತಿಳಿಯಲಿಲ್ಲ.

ಬೆಳಿಗ್ಗೆ ಹಾಲು ತರೋಣವೆಂದು ಹೊರಬಂದರೆ ಎದುರಿನ ಫ್ಲ್ಯಾಟಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಒಬ್ಬಳು ಹೆಂಗಸು ನೆಲ ಒರೆಸುತ್ತಿದ್ದಳು. ಐವತ್ತರ ಸುಮಾರು, ಸೊಂಟಕ್ಕೆ ಸುತ್ತಿದ ಬಟ್ಟೆಯಲ್ಲಿ ಬೀಗದ ಕೈಗಳ ಗೊಂಚಲು. ಅವಳ ಬೆನ್ನ ಹಿಂದೆ ನೀಲಿ ತಲೆಹಲಗೆಯ ಮಂಚ. ಮಂಚದ ಮೇಲೆ ಗೋಡೆಯಲ್ಲಿ ಅದೇ ದೋಣಿ.

ಹಾಲಿಗೆ ಹೊರಟವಳು ಹೊಸ್ತಿಲಲ್ಲಿ ನಿಂತಳು.

“ಏನ್ ಮೇಡಮ್, ಟವೆಲ್ ಬೇಕಾ?” ಎಂದಳು ಕೆಲಸದಾಕೆ.

“ಆ ಚಿತ್ರ… ಇಲ್ಲೂ ಇದೆ.”

“ಎಲ್ಲಾ ಕಡೆ ಇದೆ. ಮಂಚ ಆರು, ದೋಣಿ ಆರು. ಯಜಮಾನ ಒಂದೇ ಅಂಗಡೀಲಿ ಒಂದೇ ಸಲ ತಂದು ಸುರಿದ. ಸೈಟಲ್ಲಿರೋ ಫೋಟೋನೂ ಅಷ್ಟೆ, ಎಲ್ಲಾ ಒಂದೇ ಮನೇದು. ಹೆಸರು ಮಾತ್ರ ಬೇರೆ ಬೇರೆ. ನೆಮ್ಮದೀಲಿ ಕಮೋಡು ಕಟ್ಟಿದೆ ಅಂತ ಫೋನ್ ಮಾಡೋಕೆ ನಂಗೇ ನಗು ಬರುತ್ತೆ. ನಂಗೆ ಇವು ಈಗ್ಲೂ ಒಂದು, ಎರಡು, ಮೂರೇ.”

ಹಾಗಾದರೆ ನಿನ್ನೆ ಅತ್ತದ್ದು ಯಾರ ಹಾಸಿಗೆಯ ಮೇಲೋ. ಅವಮಾನವಾಗಬೇಕಿತ್ತು, ಅದೂ ಆಗಲಿಲ್ಲ.

“ಅಕ್ಕಾ,” ಎಂದಳು, “ಎಂಟು ತಿಂಗಳ ಹಿಂದೆ ಇಲ್ಲೊಬ್ಬರು ತೀರ್ಕೊಂಡ್ರು. ನಾನು ಅವರ ಹೆಂಡತಿ. ಅದು ಯಾವ ಮನೆ?”

ಒರೆಸುವ ಕೋಲು ನಿಂತಿತು. ಕೆಲಸದಾಕೆ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಐದು,” ಎಂದಳು. “ಮೇಲ್ಗಡೆ. ಈಗ ಜನ ಇದ್ದಾರೆ. ಹನ್ನೊಂದಕ್ಕೆ ಖಾಲಿ ಮಾಡ್ತಾರೆ, ಹನ್ನೆರಡಕ್ಕೆ ಬೇರೆಯವರು ಬರ್ತಾರೆ. ನಡುವೆ ಇರೋ ಒಂದು ಗಂಟೆ ನಂದು.”

“ಆಗ ಒಂದ್ಸಲ ಒಳಗೆ ಬಿಡ್ತೀರಾ?”

“ಮೆಟ್ಟಿಲ ಹತ್ರ ಕ್ಯಾಮೆರಾ ಇದೆ. ಯಜಮಾನ ಊಟ ಬಿಟ್ರೂ ಅದನ್ನ ನೋಡೋದು ಬಿಡಲ್ಲ.” ಪಕ್ಕದ ಬಕೆಟನ್ನು ಕಾಲಿನಿಂದ ಅವಳತ್ತ ತಳ್ಳಿದಳು. “ಕೂದಲು ಗಂಟು ಹಾಕ್ಕೊಂಡು ಬಕೆಟ್ ಹಿಡಿದು ಬನ್ನಿ. ಬಕೆಟ್ ಹಿಡಿದವರ ಮುಖ ಯಾರೂ ನೋಡಲ್ಲ.”

ಹನ್ನೊಂದೂಕಾಲಿಗೆ ಇಬ್ಬರೂ ಮೆಟ್ಟಿಲು ಹತ್ತಿದರು. ಐದನೇ ಫ್ಲ್ಯಾಟಿಗೆ ಈಗ ‘ನಸುನಗೆ’ ಎಂದು ಹೆಸರು. ಒಳಗೆ ಬಿಟ್ಟುಹೋದವರ ಬೆಚ್ಚಗಿನ ವಾಸನೆ ಇನ್ನೂ ಇತ್ತು. ಮೇಜಿನ ಮೇಲೆ ಬ್ರೆಡ್ಡಿನ ಪುಡಿ, ಕಿಟಕಿಯಲ್ಲಿ ಒಂಟಿ ಕಾಲುಚೀಲ, ಬಚ್ಚಲಲ್ಲಿ ಅರ್ಧ ಶಾಂಪೂ. ಅವನದು ಎನ್ನುವಂಥದ್ದು ಏನೂ ಇರಲಿಲ್ಲ. ಇರುವುದು ಹೇಗೆ? ಎಂಟು ತಿಂಗಳಲ್ಲಿ ಇನ್ನೂರು ಜನ ಬಂದು ಮಲಗಿ ಎದ್ದು ಹೋಗಿದ್ದರು. ಒಬ್ಬೊಬ್ಬರು ಹೋದಾಗಲೂ ಈ ಹೆಂಗಸು ಬಂದು ಅವರನ್ನು ಪೂರ್ತಿ ಒರೆಸಿಹಾಕಿದ್ದಳು.

“ನಿಂತ್ಕೋಬೇಡಿ, ಹೊತ್ತಿಲ್ಲ,” ಎಂದಳು ಕೆಲಸದಾಕೆ. “ಹಾಸಿಗೆ ಬಿಚ್ಚಿ. ಹೊದಿಕೆಯಿಂದ ಶುರು. ಒಳಮೂಲೆಯಿಂದ ಬಾಗಿಲ ಕಡೆಗೆ ಬರೋದು ನಮ್ಮ ಪದ್ಧತಿ.”

ಅವಳು ಹೊದಿಕೆ ಎಳೆದಳು. ದಿಂಬಿನ ಕವರು ಕಳಚಿದಳು. ಯಾರದೋ ಉದ್ದನೆಯ ಕೂದಲನ್ನು ಬೆರಳಿಗೆ ಸುತ್ತಿ ತೆಗೆದಳು. ಇಬ್ಬರೂ ಮಂಚದ ಎರಡು ಬದಿಯಲ್ಲಿ ನಿಂತು ಹೊಸ ಹಾಸನ್ನು ಕೊಡವಿದಾಗ ಅದು ಗಾಳಿ ತುಂಬಿ ನಡುವೆ ಉಬ್ಬಿತು. ಆಚೆಯವಳ ಮುಖ ಮರೆಯಾದ ಆ ಕ್ಷಣದಲ್ಲಿ ಕೇಳಿದಳು:

“ನಿದ್ದೇಲೇ ಹೋದ್ರಾ ಅಕ್ಕಾ?”

ಹಾಸು ಕೆಳಗಿಳಿಯಿತು. “ಆ ಮೂಲೆ ಸಿಕ್ಕಿಸಿ,” ಎಂದಳು ಕೆಲಸದಾಕೆ.

ಸಿಕ್ಕಿಸಿದಳು.

“ಈ ಕಡೇದೂ.”

ಅದನ್ನೂ ಸಿಕ್ಕಿಸಿ ಕಾದಳು. ಕೆಲಸದಾಕೆ ಸುಕ್ಕಿಲ್ಲದ ಹಾಸನ್ನು ಅಂಗೈಯಿಂದ ಮತ್ತೊಮ್ಮೆ ಸವರಿದಳು.

“ಹಾಸಿಗೇಲಿ ಇರಲಿಲ್ಲ ತಾಯಿ.”

“ಎಲ್ಲಿದ್ರು?”

ಅವಳು ಗದ್ದದಿಂದ ಬಾಗಿಲ ಕಡೆ ತೋರಿಸಿದಳು. “ನಾನು ಹನ್ನೊಂದಕ್ಕೆ ಬಂದೆ. ಬೀಗ ತೆಗೆದ್ರೆ ಬಾಗಿಲು ಒಂದು ಗೇಣು ಸರಿದು ನಿಂತಿತು. ಯಾರೋ ಪುಣ್ಯಾತ್ಮ ಒಳಗೆ ಸಾಮಾನು ಅಡ್ಡ ಇಟ್ಟು ಮಲಗಿದ್ದಾನೆ ಅಂದ್ಕೊಂಡೆ. ಬೈದೆ ಕೂಡ. ಬಾಯಿಗೆ ಬಂದಿದ್ದು ಬೈದೆ.” ಕೈಯಲ್ಲಿದ್ದ ದಿಂಬನ್ನು ಎದೆಗೊತ್ತಿಕೊಂಡಳು. “ಎದುರು ಮನೆ ಗೋಡೆಗೆ ಬಣ್ಣ ಬಳೀತಿದ್ದೋರು ಬಂದು ತಳ್ಳಿದ್ರು. ನೋಡಿದ್ರೆ ಕೂತಲ್ಲೇ ವಾಲಿದ್ರು. ಶರ್ಟು, ಪ್ಯಾಂಟು ಎಲ್ಲ ಹಾಕಿತ್ತು. ಕಾಲಲ್ಲಿ ಒಂದೇ ಬೂಟು. ಫೋನು ಅಡುಗೆಮನೇಲಿ ಚಾರ್ಜಿಗಿತ್ತು.”

“ಹೊರಗೆ ಬರೋಕೆ ನೋಡಿದ್ರಾ?”

“ಈ ಬಾಗಿಲು ಹೊರಗಿಂದ ಸಲೀಸು. ಒಳಗಿಂದ ಮೊಂಡು. ಹಿಡೀನ ಮೇಲಕ್ಕೆತ್ತಿ, ಬಾಗಿಲನ್ನ ತನ್ನ ಕಡೆ ಎಳ್ಕೊಂಡು, ಆಮೇಲೆ ತಿರುಗಿಸಬೇಕು. ಗೊತ್ತಿದ್ರೆ ಚಿಟಿಕೆ ಹೊಡೆಯೋವಷ್ಟರಲ್ಲಿ ಆಗುತ್ತೆ. ಅವರು ಹಿಂದಿನ ಸಂಜೆ ತಾನೇ ಬಂದಿದ್ರು. ಹೊರಗೆ ಹೋಗೋದು ಅದೇ ಮೊದಲು. ಹಿಡಿ ಸುತ್ತ ಬಣ್ಣ ಕಿತ್ತುಬಂದಿತ್ತು. ಆಮೇಲೆ ಬಳಿಸಿದ್ರು,” ಎಂದಳು.

ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ಬೀಪ್ ಬೀಪ್ ಎಂಬ ಸದ್ದು ಬಹಳ ಹೊತ್ತು ಕೇಳಿಸಿತು.

“ನೆಲದ ಮೇಲೆ ಬಿಡೋಕೆ ನಂಗೆ ಮನಸ್ಸು ಬರಲಿಲ್ಲ. ಉಸಿರು ಇದ್ರೂ ಇರಬಹುದು ಅನ್ನೋ ಆಸೆ. ಎತ್ತಿ ಮಲಗಿಸಿದ್ವಿ, ಹೊದಿಸಿದೆ. ಯಜಮಾನ ಬಂದು, ಹಾಸಿಗೇಲೇ ಇದ್ರು ಅಂತ ಹೇಳು ಅಂದ. ಹೇಳಿದೆ. ಡಾಕ್ಟರು ಬರ್ಕೊಂಡ್ರು. ಮನೆಯವರಿಗೂ ಅದೇ ಸಮಾಧಾನ ಅಂತ ನಾನೂ ನನಗೆ ಹೇಳ್ಕೊಂಡೆ. ನೀವೇನು ಹೇಳಿದ್ರೂ ಕೇಳಿಸ್ಕೋತೀನಿ. ಬೈರಿ ಬೇಕಿದ್ರೆ.”

ಅವಳಿಗೆ ಬೈಗುಳ ಹುಟ್ಟಲಿಲ್ಲ. ಅಳುವೂ ಹುಟ್ಟಲಿಲ್ಲ. ಇಷ್ಟು ದೂರ ಬಂದು ಕೇಳಿದ ಮಾತು ಇಷ್ಟೇ ಚಿಕ್ಕದಾಗಿತ್ತೇ? ಎಚ್ಚರದಲ್ಲಿದ್ದ. ಎದ್ದಿದ್ದ. ಒಂದು ಬೂಟು ಹಾಕಿಕೊಂಡು ಯಾರನ್ನಾದರೂ ಕರೆಯಲು ಹೊರಟಿದ್ದ. ಅತ್ತೆಗೆ ಏನು ಹೇಳುವುದೆಂಬ ಯೋಚನೆ ಬಂತು, ಹಾಗೇ ಹೋಯಿತು. ಕೆಲಸದಾಕೆಯ ಕೈಯಿಂದ ದಿಂಬು ತೆಗೆದುಕೊಂಡು ಕವರು ಹಾಕಿದಳು. ಎರಡನೆಯದಕ್ಕೂ ಹಾಕಿದಳು. ಆಮೇಲೆ ಕೇಳಿದಳು:

“ಇನ್ನೂ ಸರಿಮಾಡಿಸಿಲ್ವಾ?”

“ಆರು ಬಾಗಿಲಲ್ಲಿ ಇದೊಂದಕ್ಕೇ ರೋಗ. ಇವತ್ತು ನಾಳೆ ಅಂತಾನೇ ಇದ್ದಾನೆ. ಹಿಡಿ ಮೇಲೆ ಒಂದು ಚೀಟಿ ಬರೆದು ಅಂಟಿಸಿದ್ದೆ. ಫೋಟೋ ತೆಗೆಯುವಾಗ ಅಂದಗೇಡಿ ಅಂತ ಕಿತ್ತು ಬಿಸಾಕಿದ. ಬಂದೋರಿಗೆಲ್ಲ ಬಾಯಲ್ಲಿ ಹೇಳೋಣ ಅಂದ್ರೆ, ಯಾರು ನನ್ನ ಕಣ್ಣಿಗೆ ಬೀಳ್ತಾರೆ? ಪೆಟ್ಟಿಗೆಯಿಂದ ಕೀ ತಗೊಂಡು ಒಳಗೆ ಹೋಗ್ತಾರೆ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸೂಟ್‌ಕೇಸಿನ ಚಕ್ರ ಬಡಿಯುವ ಸದ್ದು, ಅದರೊಡನೆ ಜಗಳ.

“ಲಿಫ್ಟ್ ಇದೆ ಅಂದ್ರಲ್ಲ?”

“ಇದೆ ಅನ್ನಲಿಲ್ಲ ಕಣೇ, ಇಲ್ಲ ಅಂತ ಬರೆದಿರಲಿಲ್ಲ ಅಂದೆ.”

“ನಿಮ್ಮನ್ನ ನಂಬಿ ಮದುವೇನೂ ಹೀಗೇ ಆದೆ.”

ಇಪ್ಪತ್ತು ನಿಮಿಷ ಮುಂಚೆಯೇ ಬಂದ ವಯಸ್ಸಾದ ಗಂಡ ಹೆಂಡತಿ. ಮುದುಕರು ಏದುಸಿರು ಬಿಡುತ್ತ ಬಾಗಿಲ ಚೌಕಟ್ಟು ಹಿಡಿದು ನಿಂತರು. ಅಜ್ಜಿ ಒಳಗೆ ಇಣುಕಿ, “ದೋಣಿ ಚೆನ್ನಾಗಿದೆ,” ಎಂದರು. ಕೆಲಸದಾಕೆ ಬಕೆಟ್ ಎತ್ತಿಕೊಂಡು ಅವಳಿಗೆ ಕಣ್ಣಲ್ಲೇ ಹೋಗೋಣ ಎಂದಳು.

ಅವಳು ಹೋಗಲಿಲ್ಲ. “ಒಳಗೆ ಬನ್ನಿ ಸರ್. ಈ ಬಾಗಿಲು ತೆಗೆಯೋದು ತೋರಿಸ್ತೀನಿ,” ಎಂದಳು.

“ಬಾಗಿಲು ತೆಗೆಯೋಕೆ ಎಪ್ಪತ್ತು ವರ್ಷದಿಂದ ಬರುತ್ತಮ್ಮ ನಂಗೆ.”

“ಇದು ಬರಲ್ಲ.” ಅವಳು ಒಳಗಿನಿಂದ ಬಾಗಿಲು ಮುಚ್ಚಿದಳು. “ನೋಡಿ. ಮೇಲಕ್ಕೆತ್ತಿ. ನಿಮ್ಮ ಕಡೆ ಎಳ್ಕೊಳ್ಳಿ. ಆಮೇಲೆ ತಿರುಗಿಸಿ. ಈಗ ನೀವು.”

ಮುದುಕರು ನಗುತ್ತ ಹಿಡಿಯನ್ನು ಹಿಡಿದು ತಿರುಗಿಸಿದರು. ಅದು ಅಲುಗಲಿಲ್ಲ. ನಗು ಸ್ವಲ್ಪ ಕಡಿಮೆಯಾಯಿತು. ಎರಡನೇ ಸಲ ಎತ್ತಿದರು, ಎಳೆಯಲು ಮರೆತರು. ಮೂರನೇ ಸಲ ತೆರೆಯಿತು.

“ಪಾಸಾ?” ಎಂದರು.

“ಅಮ್ಮಾ, ನೀವೂ ಒಂದ್ಸಲ.”

“ನಾಲ್ಕು ದಿನ ಇದ್ದು ಹೋಗೋಕೆ ಬಂದೋರಮ್ಮ ನಾವು, ಪರೀಕ್ಷೆ ಬರೆಯೋಕಲ್ಲ,” ಎಂದರು ಅಜ್ಜಿ. ಆದರೂ ಅವಳ ಮುಖ ನೋಡಿ ಕೈಚೀಲ ಕೆಳಗಿಟ್ಟು ತೆರೆದು ತೋರಿಸಿದರು.

“ಈಗ ನಾನು ಹೊರಗೆ ಹೋಗ್ತೀನಿ,” ಎಂದಳು ಅವಳು. “ನಾನು ಮುಟ್ಟಲ್ಲ. ನೀವೇ ತೆಗೀಬೇಕು.”

ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಕೆಲಸದಾಕೆ ಮೆಟ್ಟಿಲ ತುದಿಯಲ್ಲಿ ಬಕೆಟ್ ಹಿಡಿದು ನಿಂತಿದ್ದಳು. ಹಲಗೆಯ ಆಚೆ ಮುದುಕರು ಗೊಣಗುವುದು ಕೇಳಿಸಿತು. ಹಿಡಿ ಒಮ್ಮೆ ಕಟಕ್ಕೆಂದಿತು. ನಿಂತಿತು. ಮತ್ತೆ ಕಟಕ್ಕೆಂದಿತು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

ಬಾಗಿಲು ತೆರೆಯಿತು. ಮುದುಕರ ಹಣೆಯಲ್ಲಿ ಸಣ್ಣಗೆ ಬೆವರು.

“ಆಯ್ತಲ್ಲಮ್ಮ?” ಎಂದರು. “ಇನ್ನು ಹೋಗ್ಬಹುದಾ ಒಳಗೆ?”

“ಇನ್ನೊಂದೇ ಒಂದ್ಸಲ,” ಎಂದು ಅವಳು ಮತ್ತೆ ಬಾಗಿಲು ಎಳೆದುಕೊಂಡಳು.