ಎರಡಿಂಚು ಜಾಸ್ತಿ

ನಮ್ಮ ಅಂಗಡಿಯ ಟೇಪು ಎರಡರಿಂದ ಶುರುವಾಗುತ್ತದೆ. ಸೊನ್ನೆ, ಒಂದು ಅದಕ್ಕೆ ಗೊತ್ತೇ ಇಲ್ಲ. ತುದಿಯ ತಗಡು ಕಳಚಿ ಬಿದ್ದು, ಅಂಚೆಲ್ಲ ನಾರುನಾರಾಗಿ ಹಿಂಜಿಕೊಂಡಾಗ ನಾನೇ ಕತ್ತರಿ ತೆಗೆದು ಸರಿಯಾಗಿ ಎರಡರ ಗೆರೆಗೆ ಕಚಕ್ ಅನ್ನಿಸಿದ್ದೆ. ಅಂದಿನಿಂದ ಅಂಗಡಿಯಲ್ಲಿ ಒಂದು ಪದ್ಧತಿ ನಡೆದುಬಂದಿದೆ. ಅಳತೆ ತೆಗೆಯುವವರು ಟೇಪು ಹೇಳಿದ್ದನ್ನೇ ಕೂಗುವುದು, ಬರೆಯುವವರು ಎರಡು ಕಳೆದು ಬರೆಯುವುದು. ಬಟ್ಟೆ ಕತ್ತರಿಸುವಾಗ ನಾನು ಮತ್ತೆ ಎರಡು ಸೇರಿಸಿಕೊಂಡು ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ಇಷ್ಟೆಲ್ಲ ಒದ್ದಾಟ ಯಾಕೆ, ಹೊಸ ಟೇಪು ತರಬಾರದೇ ಎಂದು ಯಾರಾದರೂ ಕೇಳಿದರೆ ನನಗೆ ಕೋಪ ಬರುತ್ತದೆ. ಕೈಗೆ ಪಳಗಿದ ಟೇಪು ಅದು.

ಬರೆಯುವವಳು ನನ್ನ ಮಗಳು. ಹದಿನೈದು ವರ್ಷ. ಆಳು ಸಣ್ಣ, ಮಾತು ಚೂಪು, ಹಾಗಾಗಿ ಎಲ್ಲರ ಬಾಯಲ್ಲೂ ಅವಳ ಹೆಸರು ಸೂಜಿ. ಅವಳಮ್ಮ ಹೆಂಗಸರ ಅಳತೆ ತೆಗೆಯುತ್ತಾಳೆ, ಕಾಜಾ ಗುಂಡಿ ಅವಳದೇ. ಮಷೀನು, ಕತ್ತರಿ, ಬೈಗುಳ ನನ್ನದು. ಅಂಗಡಿಯ ಹಿಂದೆ ಒಂದು ಕೋಣೆ, ಅದೇ ಮನೆ. ಸೂಜಿ ಓದುವುದು ಅಂಗಡಿಯ ಕಟಿಂಗ್ ಟೇಬಲ್ಲಿನ ಒಂದು ಮೂಲೆಯಲ್ಲಿ. ನಾನು ಬಟ್ಟೆ ಹರಡಿದಂತೆಲ್ಲ ಅವಳ ಪುಸ್ತಕ ಹಿಂದೆ ಸರಿಯುತ್ತದೆ, ಕೊನೆಗೆ ತೊಡೆಯ ಮೇಲೆ ಬರುತ್ತದೆ.

ಎದುರಿಗೇ ಶಾಲೆ. ಅಲ್ಲಿನ ಅರ್ಧಕ್ಕರ್ಧ ಮಕ್ಕಳ ಯೂನಿಫಾರ್ಮ್ ನನ್ನ ಕೈಯಿಂದಲೇ ಆಗುವುದು. ಯಾರ ತೋಳು ಎಷ್ಟು, ಯಾರ ಸೊಂಟ ಎಷ್ಟು, ಎಲ್ಲ ನನಗೆ ಬಾಯಿಪಾಠ. ತಂದೆತಾಯಿ ಬಂದವರು ಒಂದೇ ಮಾತು ಹೇಳುತ್ತಾರೆ: "ಬೆಳೆಯೋ ಮಕ್ಕಳು, ಎರಡಿಂಚು ಜಾಸ್ತಿ ಇಡಿ." ಇಡುತ್ತೇನೆ. ಸೂಜಿಯ ಯೂನಿಫಾರ್ಮ್ ಮಾತ್ರ ಹಾಗಲ್ಲ. ಅದು ಅವರಿವರ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಇದ್ದಷ್ಟಕ್ಕೆ ಸರಿ ಮಾಡಬೇಕು, ಬೆಳೆಯುವುದಕ್ಕೆ ಜಾಗ ಬಿಡುವ ಮಾತೇ ಇಲ್ಲ. ವರ್ಷದ ಕೊನೆಗೆ ಅವಳ ಮಣಿಕಟ್ಟು ತೋಳಿನಿಂದ ಹೊರಗೆ ಇಣುಕುತ್ತಿರುತ್ತದೆ. ಟೈಲರ್ ಮಗಳ ಅಂಗಿ ಗಿಡ್ಡ ಎಂದು ಶಾಲೆಯಲ್ಲಿ ನಕ್ಕರಂತೆ. ನಕ್ಕವರ ಅಂಗಿ ಹೊಲಿದವನೂ ನಾನೇ, ಏನು ಹೇಳಲಿ.

ಅವಳಿಗೆ ಮನೆಗಳ ನಕ್ಷೆ ಬರೆಯುವ ಆಸೆ. ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲ ಅಳತೆ ಸಮೇತ ಬರೆದಿಡುತ್ತಾಳೆ. ಪ್ರತಿ ಮನೆಯಲ್ಲೂ ಓದುವ ಕೋಣೆ ಒಂದಿರುತ್ತದೆ. ಅದಕ್ಕೆ ಬೇಕಾದ ಗಣಿತವನ್ನು ಮುಂದಿನ ವರ್ಷ ಮೊದಲ ವಿಭಾಗದವರಿಗೆ ಮಾತ್ರ ಹೇಳಿಕೊಡುವುದು. ಮೊದಲ ವಿಭಾಗಕ್ಕೆ ಸೇರಲು ಈ ವರ್ಷದ ಗಣಿತ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು ಬರಬೇಕು.

ಬಂದದ್ದು ಅರವತ್ತೆರಡು.

ರೇಖಾಗಣಿತ ಬಿಟ್ಟು ಉಳಿದದ್ದರಲ್ಲಿ ಎಂಬತ್ತಕ್ಕೆ ಐವತ್ತೇಳು. ರೇಖಾಗಣಿತದಲ್ಲಿ ಇಪ್ಪತ್ತಕ್ಕೆ ಐದು. ಚಿತ್ರ ಬರೆಯುವುದರಲ್ಲಿ! ನಕ್ಷೆ ಬರೆಯುವ ಹುಡುಗಿಗೆ! ಉತ್ತರಪತ್ರಿಕೆಯ ತುಂಬ ಕೆಂಪು ಗೆರೆ. ಎಂಟು ಸೆಂಟಿಮೀಟರ್ ಇರಬೇಕಾದಲ್ಲಿ ಹತ್ತು, ಆರು ಇರಬೇಕಾದಲ್ಲಿ ಎಂಟು. ಕೆಳಗೆ ಲೆಕ್ಕದ ಮೇಡಂ ಬರೆದಿದ್ದರು: "ಅಸಡ್ಡೆ."

ನನ್ನ ಕೋಪ ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ. "ಇಡೀ ದಿನ ಇಂಚಿನ ಮಧ್ಯೆ ಬೆಳೆದವಳು, ಅಳತೆ ತಪ್ತೀಯಲ್ಲೇ! ಮೈಮೇಲೆ ಗ್ಯಾನ ಇತ್ತೋ ಇಲ್ವೋ?" ಎಂದು ಕೂಗಾಡಿದೆ. ಟ್ಯೂಷನ್ನಿಗೆ ಹೋಗುವ, ಮನೆಯಲ್ಲಿ ಸ್ವಂತ ಮೇಜಿರುವ ಮಕ್ಕಳ ಹೆಸರನ್ನೆಲ್ಲ ಸೊಂಟದ ಅಳತೆಯ ಸಮೇತ ಹೇಳಿ, ಅವರಿಗೆ ಬಂದದ್ದು ನಿನಗೆ ಯಾಕಿಲ್ಲ ಎಂದೆ. ಹೇಳುತ್ತಿರುವಾಗಲೇ ಅದು ಅನ್ಯಾಯದ ಮಾತು ಎಂದು ಗೊತ್ತಿತ್ತು. ಆದರೂ ಹೇಳಿದೆ. ಸೂಜಿ ತಿರುಗಿ ಚುಚ್ಚಲಿಲ್ಲ. "ಹೇಗಾಯ್ತೋ ನಂಗೂ ಗೊತ್ತಿಲ್ಲಪ್ಪ. ಸರಿಯಾಗೇ ಬರೆದೆ ಅಂದ್ಕೊಂಡಿದ್ದೆ" ಎಂದು ಟೇಬಲ್ಲಿನ ಮೂಲೆಗೆ ಹೋಗಿ ಕೂತಳು. ಅವಳು ಚುಚ್ಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ಸೋಮವಾರ ಸಂಜೆ ಲೆಕ್ಕದ ಮೇಡಂ ತಾವೇ ಅಂಗಡಿಗೆ ಬಂದರು. ಕೈಯಲ್ಲಿ ಬೂದು ಬಣ್ಣದ ಬಟ್ಟೆ, ಚಳಿಗೆ ಒಂದು ಕೋಟು ಆಗಬೇಕಂತೆ. ನಾನು ತಲೆ ಎತ್ತದೆ ಮಷೀನು ತುಳಿಯುತ್ತ ಕೂತೆ. ನನ್ನವಳು ಟೇಪು ಹಿಡಿದಳು, ಸೂಜಿ ಪುಸ್ತಕ ಹಿಡಿದಳು.

"ಎದೆ ನಲವತ್ತು," ನನ್ನವಳು ಕೂಗಿದಳು.

"ಏನಮ್ಮಾ? ನಲವತ್ತಾ?" ಮೇಡಂ ಹೌಹಾರಿದರು. ಆಮೇಲೆ ಬಗ್ಗಿ ಪುಸ್ತಕ ನೋಡಿದರು. "ಇದೇನಿದು, ಅಮ್ಮ ನಲವತ್ತು ಅಂದ್ರು, ನೀನು ಮೂವತ್ತೆಂಟು ಬರೆದೆ. ನನ್ನ ಖುಷಿಪಡಿಸೋಕಾ?"

"ಇಲ್ಲ ಮೇಡಂ. ಟೇಪಲ್ಲಿ ಮೊದಲ ಎರಡಿಂಚು ಇಲ್ಲ. ಅದಕ್ಕೆ ಕಳೆದು ಬರೀತೀನಿ."

ಮೇಡಂ ಟೇಪಿನ ತುದಿ ಹಿಡಿದು ನೋಡಿದರು. ಪುಸ್ತಕದಲ್ಲಿನ ಮೂವತ್ತೆಂಟನ್ನು ಇನ್ನೊಮ್ಮೆ ನೋಡಿದರು. ಆಮೇಲೆ, "ನಿನ್ನ ಸ್ಕೇಲು ಎಲ್ಲಿ? ಕೊಡಿಲ್ಲಿ" ಎಂದರು.

ಈ ಸ್ಕೇಲಿನ ಕಥೆ ನಾನು ಹೇಳಲೇಬೇಕು, ಯಾಕೆಂದರೆ ತಪ್ಪು ನನ್ನದು. ನಾಲ್ಕು ವರ್ಷದ ಹಿಂದೆ ಗಾಳಿಗೆ ಬಾಗಿಲು ಪಟಪಟ ಬಡಿಯುತ್ತಿತ್ತು. ಕೈಗೆ ಸಿಕ್ಕಿದ ಅವಳ ಸ್ಕೇಲನ್ನು ಸಂದಿಗೆ ತುರುಕಿದೆ. ಎಳೆಯುವಾಗ ಎರಡು ಸೆಂಟಿಮೀಟರ್ ಸಂದಿಯಲ್ಲೇ ಉಳಿಯಿತು, ಉಳಿದದ್ದು ಕೈಗೆ ಬಂತು. ಹೊಸದು ತಂದುಕೊಡುತ್ತೇನೆ ಎಂದೆ. ಅವಳು ಮುರಿದ ಅಂಚನ್ನು ಕಲ್ಲಿಗೆ ಉಜ್ಜಿ ಸರಿಯಾಗಿ ಎರಡರ ಗೆರೆಗೆ ತಂದಳು. "ಬೇಡ ಬಿಡಪ್ಪ, ಇದು ನಿನ್ನ ಟೇಪಿನ ತಂಗಿ. ಎರಡು ಸೇರಿಸ್ಕೊಂಡ್ರೆ ಆಯ್ತು" ಎಂದಳು. ನಾನೂ ಬಿಟ್ಟೆ. ಬಿಡುವುದು ಸುಲಭವಿತ್ತು.

"ಪರೀಕ್ಷೆಗೆ ಇದನ್ನ ತಂದಿದ್ಯಾ?" ಮೇಡಂ ಕೇಳಿದರು.

"ಇಲ್ಲ ಮೇಡಂ. ಎಲ್ಲರ ಹತ್ರನೂ ಪೂರ್ತಿ ಜಾಮಿಟ್ರಿ ಡಬ್ಬಿ ಇರಲೇಬೇಕು ಅಂದ್ರಲ್ಲ. ಇಲ್ಲದೋರಿಗೆ ಶಾಲೆಯಿಂದ ಹೊಸಾದು ಕೊಟ್ರು. ಅದರಲ್ಲೇ ಬರೆದೆ."

"ಎಂಟು ಸೆಂಟಿಮೀಟರ್ ಗೆರೆ ಎಳಿ, ನೋಡೋಣ. ನಿನ್ನ ಸ್ಕೇಲಲ್ಲೇ."

ಸೂಜಿ ಸ್ಕೇಲಿನ ಅಂಚನ್ನು ಚುಕ್ಕೆಗೆ ಇಟ್ಟು, ಹತ್ತರ ಗುರುತಿಗೆ ಸರ್ರನೆ ಎಳೆದು ನಿಲ್ಲಿಸಿದಳು. ಯೋಚನೆಯೇ ಮಾಡಲಿಲ್ಲ, ಕೈ ತಾನಾಗಿ ಹೋಯಿತು. ಮೇಡಂ ತಮ್ಮ ಚೀಲದಿಂದ ಇಡೀ ಸ್ಕೇಲು ತೆಗೆದು ಆ ಗೆರೆಯನ್ನು ಅಳೆದರು. ಎಂಟು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ನನ್ನ ಮಷೀನು ನಿಂತಿತು. ಸೂಜಿ ಬಾಯಿಗೆ ಕೈ ಇಟ್ಟುಕೊಂಡಳು. ಹೊಸ ಸ್ಕೇಲಿನಲ್ಲಿ ಸೊನ್ನೆ ಇತ್ತು, ಒಂದೂ ಇತ್ತು. ಈ ಹುಡುಗಿ ಅದರ ಅಂಚಿನಿಂದ ಹಿಡಿದು, ಅಭ್ಯಾಸಬಲದಿಂದ ಎಲ್ಲದಕ್ಕೂ ಎರಡು ಸೇರಿಸಿ ಎಳೆದಿದ್ದಳು. ಮುರಿದದ್ದನ್ನೇ ಒಯ್ದಿದ್ದರೆ ಗೆದ್ದುಬಿಡುತ್ತಿದ್ದಳು.

"ಹಾಗಾದ್ರೆ ಅಸಡ್ಡೆ ಅಲ್ಲ ಅಲ್ವಾ ಮೇಡಂ?" ನಾನು ಎದ್ದು ನಿಂತು ಕೇಳಿದೆ.

"ಅಲ್ಲ. ಆ ಮಾತು ವಾಪಸ್ ತಗೋತೀನಿ," ಮೇಡಂ ಎಂದರು. "ಆದ್ರೆ ಟೈಲರ್ ಅವರೇ, ಕಾರಣಕ್ಕೆ ಮಾರ್ಕ್ಸ್ ಕೊಡೋಕಾಗಲ್ಲ. ಎಂಟು ಅಂದ್ರೆ ಎಂಟೇ. ದೊಡ್ಡ ಪರೀಕ್ಷೇಲಿ ಪತ್ರಿಕೆ ನೋಡೋರು ನಿಮ್ಮ ಅಂಗಡಿಗೆ ಬಂದು ಟೇಪು ನೋಡಲ್ಲ. ಮುಂದಿನ ಮಂಗಳವಾರ ಮೊದಲ ವಿಭಾಗದ ಪಟ್ಟಿ ಹೋಗತ್ತೆ." ಶುಕ್ರವಾರ ಕೋಟಿಗೆ ಬರುತ್ತೇನೆ ಎಂದು ಹೇಳಿ ಹೊರಟೇಹೋದರು.

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮೇಡಂ ಹೇಳಿದ್ದು ನ್ಯಾಯವೇ, ನನ್ನ ಕಸುಬಿನಲ್ಲೂ ಅದೇ ನ್ಯಾಯ. ತೋಳು ಉದ್ದವಾದರೆ ಗಿರಾಕಿ ಕಾರಣ ಕೇಳುತ್ತಾನೆಯೇ? ಮರುದಿನ ಬೆಳಗ್ಗೆಯೇ ಹೋಗಿ ಒಂದು ಹೊಸ ಸ್ಕೇಲು, ಒಂದು ಹೊಸ ಟೇಪು ತಂದೆ. ಹಳೆಯ ಟೇಪನ್ನು ಎಲ್ಲರ ಎದುರೇ ಚಿಂದಿಯ ಬುಟ್ಟಿಗೆ ಎಸೆದೆ. "ಅಂಗಡಿ ಇಟ್ಟ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬುದ್ಧಿ ಬಂತು" ಎಂದಳು ನನ್ನವಳು. ಸೂಜಿಗೆ ಸ್ಕೇಲು ಕೊಟ್ಟು, "ನಿನ್ನ ಬೈದಿದ್ದು ತಪ್ಪಾಯ್ತು ಕಣೇ" ಎಂದೆ. "ಪರವಾಗಿಲ್ಲ ಬಿಡಪ್ಪ, ಸೊಂಟದ ಅಳತೆ ಎಲ್ಲ ಗೊತ್ತಾಯ್ತಲ್ಲ" ಎಂದಳು. ಸೂಜಿ ಮತ್ತೆ ಚೂಪಾಗಿದ್ದು ನೋಡಿ ನನಗೆ ಜೀವ ಬಂದಂತಾಯಿತು.

ಮೇಡಂ ಕೋಟನ್ನು ಹಟ ಹಿಡಿದು ಚೆನ್ನಾಗಿ ಹೊಲಿದೆ. ಕಾಲರು ಹೇಗೆ ಕೂರಬೇಕೋ ಹಾಗೆ ಕೂತಿತ್ತು. ಒಂದು ಗೆರೆ ಆಚೀಚೆ ಇರಲಿಲ್ಲ. ಇದನ್ನು ಹಾಕಿಕೊಂಡಾಗಲಾದರೂ ನಮ್ಮ ಮನೆಯವರು ಅಸಡ್ಡೆಯವರಲ್ಲ ಎಂದು ಅವರಿಗೆ ತಿಳಿಯಲಿ ಎಂಬ ಹಮ್ಮು ನನಗೆ.

ಶುಕ್ರವಾರ ಮೇಡಂ ಬಂದು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಅವರ ಬೆರಳುಗಳು ಕಾಣಲಿಲ್ಲ. ತೋಳು ಅಂಗೈ ದಾಟಿ ಕೆಳಗೆ ಇಳಿದಿತ್ತು. ಭುಜ ತೋಳಿನ ಮೇಲೆ ಜಾರಿತ್ತು. ಒಳಗೆ ಇನ್ನೊಬ್ಬರು ಆರಾಮಾಗಿ ಕೂರಬಹುದಿತ್ತು.

ನಾನು ಅಳತೆ ಪುಸ್ತಕ ತೆಗೆದು ನೋಡಿದೆ, ಎಲ್ಲ ಸರಿಯಾಗಿಯೇ ಬರೆದಿತ್ತು. ಹೊಸ ಟೇಪನ್ನು ಕತ್ತಿನಿಂದ ತೆಗೆದು ನೋಡಿದೆ. ಅಷ್ಟರಲ್ಲಿ ಸೂಜಿ ಕಿಸಕ್ಕನೆ ನಕ್ಕಳು.

"ಅಪ್ಪಾ, ಎಲ್ಲಾದಕ್ಕೂ ಎರಡು ಸೇರಿಸಿದೀಯ!"

ಹೌದು. ಪುಸ್ತಕದಲ್ಲಿ ಇಪ್ಪತ್ತೆರಡು ಇದ್ದ ತೋಳಿಗೆ ಇಪ್ಪತ್ತನಾಲ್ಕಕ್ಕೆ ಗೆರೆ ಎಳೆದಿದ್ದೆ. ಯೋಚನೆಯೇ ಮಾಡಿರಲಿಲ್ಲ, ಕೈ ತಾನಾಗಿ ಹೋಗಿತ್ತು.

"ಏನ್ ಟೈಲರ್ ಅವರೇ," ಮೇಡಂ ತೋಳನ್ನು ಪಟಪಟ ಬೀಸಿದರು, "ನಾನೇನು ಬೆಳೆಯೋ ಮಗುನಾ?"

"ಕಾರಣ ಇದೆ ಮೇಡಂ," ನಾನು ತೊದಲಿದೆ. "ಆದ್ರೆ ಕಾರಣಕ್ಕೆ ಮಾರ್ಕ್ಸ್ ಇಲ್ಲ, ಗೊತ್ತು. ಬಿಚ್ಚಿ ಸರಿ ಮಾಡಿ ಕೊಡ್ತೀನಿ."

ಮೇಡಂ ನಗುತ್ತಿದ್ದವರು ನಗು ನಿಲ್ಲಿಸಿದರು. ಸ್ಟೂಲಿನ ಮೇಲೆ ಕೂತು, ತೋಳಿನೊಳಗಿಂದ ಬೆರಳನ್ನು ಹುಡುಕಿ ತೆಗೆದರು. "ಇಷ್ಟು ವರ್ಷ ಪಳಗಿದ ಕೈ ತಪ್ಪಿದ್ದಕ್ಕೆ ಬಿಚ್ಚಿ ಹೊಲಿಯೋ ಅವಕಾಶ ಉಂಟು," ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಆಮೇಲೆ ಸೂಜಿಯ ಕಡೆ ತಿರುಗಿದರು. "ಅವತ್ತು ಮನೆಗೆ ಹೋಗಿ ಎಲ್ಲಾ ಪತ್ರಿಕೆ ಮತ್ತೆ ನೋಡಿದೆ. ಡಬ್ಬಿ ಇಸ್ಕೊಂಡೋರು ಏಳು ಜನ. ಏಳೂ ಜನಕ್ಕೂ ಕೈಕೊಟ್ಟಿದ್ದು ರೇಖಾಗಣಿತವೇ. ಒಬ್ಬನಿಗೆ ಹೊಸ ಕೈವಾರದ ತಿರುಪು ಬಿಗಿ ಮಾಡೋದು ಗೊತ್ತಿಲ್ಲ, ಅವನ ವೃತ್ತ ಬಸವನಹುಳು ಆಗಿದೆ. ನಾವು ಹೊಸಾದು ಕೊಟ್ವಿ, ಒಂದು ದಿನ ಮೊದಲು ಕೊಡಬೇಕು ಅಂತ ಹೊಳೀಲಿಲ್ಲ. ನಾಲ್ಕು ದಿನದಿಂದ ಅದೇ ಯೋಚನೆ. ಇವತ್ತು ಈ ಕೋಟು ಹಾಕ್ಕೊಂಡ ಮೇಲೆ ಯೋಚನೆ ಮುಗೀತು."

"ಅಂದ್ರೆ ಮೇಡಂ?" ಸೂಜಿಯ ದನಿ ಸಣ್ಣಗಾಗಿತ್ತು.

"ಸೋಮವಾರ ಬೆಳಗ್ಗೆ ಏಳೂ ಜನ ಬನ್ನಿ. ಇಪ್ಪತ್ತು ಮಾರ್ಕ್ಸಿಗೆ ಬೇರೆ ಪತ್ರಿಕೆ. ಹೆಡ್‌ಮಾಸ್ಟರ್‌ಗೆ ನಾನು ಹೇಳ್ತೀನಿ. ಯಾವ ಸ್ಕೇಲು ಬೇಕಾದ್ರೂ ತನ್ನಿ."

ಸೋಮವಾರ ಸೂಜಿ ಎರಡೂ ಸ್ಕೇಲು ಚೀಲಕ್ಕೆ ಹಾಕಿಕೊಂಡು ಹೋದಳು. ನಾನು ಮಷೀನಿನ ಮುಂದೆ ಕೂತಿದ್ದೆ, ಆದರೆ ಬಾಗಿಲ ಕಡೆಯೇ ಕಣ್ಣು. ಒಂದು ಜೇಬನ್ನು ತಲೆಕೆಳಗಾಗಿ ಹೊಲಿದೆ. ಮಧ್ಯಾಹ್ನ ಅವಳು ರಸ್ತೆ ದಾಟಿ ಓಡಿ ಬಂದಳು.

"ಹದಿನೇಳು! ಒಟ್ಟು ಎಪ್ಪತ್ತನಾಲ್ಕು! ಪಟ್ಟೀಲಿ ನನ್ನ ಹೆಸರು ಬರೆದದ್ದು ಕಣ್ಣಾರೆ ನೋಡಿದೆ. ಇನ್ನೂ ನಾಲ್ಕು ಜನಕ್ಕೆ ಎಪ್ಪತ್ತು ಬಂತಪ್ಪ, ಬಸವನಹುಳಕ್ಕೂ ಬಂತು!"

"ಯಾವ ಸ್ಕೇಲಲ್ಲಿ ಬರೆದೆ?"

"ಹೊಸಾದರಲ್ಲಿ. ಶನಿವಾರ, ಭಾನುವಾರ ಬರೀ ಸೊನ್ನೆಯಿಂದ ಎಳೆದು ಎಳೆದು ಕೈಗೆ ಬುದ್ಧಿ ಹೇಳಿದ್ದೆ. ಹಳೇದು ಸುಮ್ನೆ ಧೈರ್ಯಕ್ಕೆ."

ನನ್ನವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮುಖ ಆಚೆ ತಿರುಗಿಸಿ ತಲೆಕೆಳಗಾದ ಜೇಬನ್ನು ಬಿಚ್ಚತೊಡಗಿದೆ.

ರಜೆ ಮುಗಿಯುವ ಮೊದಲು ನಾನು ಜವಳಿ ಅಂಗಡಿಗೆ ಹೋಗಿ ಯೂನಿಫಾರ್ಮಿನ ಬಟ್ಟೆ ತಂದೆ. ತುಂಡಲ್ಲ, ಇಡೀ ಬಟ್ಟೆ. ಸೂಜಿಯನ್ನು ಟೇಬಲ್ಲಿನ ಪಕ್ಕ ನಿಲ್ಲಿಸಿದೆವು. ನನ್ನವಳು ಹೊಸ ಟೇಪು ಹಿಡಿದಳು, ಅಂದು ಬರೆಯುವವನು ನಾನು.

"ತೋಳು ಇಪ್ಪತ್ತು," ಎಂದಳು.

ಹದಿನೆಂಟು ಎಂದು ಬರೆದೆ. ನಾಲಿಗೆ ಕಚ್ಚಿಕೊಂಡು ಅದನ್ನು ಹೊಡೆದುಹಾಕಿ ಇಪ್ಪತ್ತು ಮಾಡಿದೆ. ಒಂದು ಕ್ಷಣ ಅವಳ ಮಣಿಕಟ್ಟನ್ನು ನೋಡಿದೆ. ಅದನ್ನೂ ಹೊಡೆದು ಇಪ್ಪತ್ತೆರಡು ಬರೆದೆ.

ಸೂಜಿ ಪುಸ್ತಕಕ್ಕೆ ಇಣುಕಿದಳು. "ಅಪ್ಪಾ, ಮತ್ತೆ ತಪ್ಪು! ಹೊಸ ಟೇಪು ಕಣಪ್ಪ ಅದು."

"ತಪ್ಪಲ್ಲ ಕಣೇ," ಎಂದೆ. "ಬೆಳೆಯೋ ಹುಡುಗಿ ನೀನು."