ಅಳು ಬರುವ ಮೊದಲೇ ಎದ್ದು ಬನ್ನಿ

ಆ ಭಾನುವಾರ ಅಂಗಡಿ ಬೀದಿಯಿಂದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದಾಗ ನನ್ನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಬಿತ್ತೋ ಗೊತ್ತಿಲ್ಲ. ಹುಡುಕಿಕೊಂಡು ಹೋಗುವ ಶಕ್ತಿಯೂ ನನಗಿರಲಿಲ್ಲ.

ಮಗಳಿಗೆ ಆರು ವರ್ಷ. ಮನೆಯಲ್ಲಿ ಎಲ್ಲರೂ ಕರೆಯುವುದು ಬಟನ್ ಎಂದು. ನಾನು ಬಟ್ಟೆ ಹೊಲಿಯುವವಳು. ಅವಳು ಮೆಷಿನ್ ಪಕ್ಕ ಕೂತು ಬಟನ್‌ಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಾ ಇಡೀ ಮಧ್ಯಾಹ್ನ ಕಳೆಯುತ್ತಾಳೆ. ಮನೆಯೊಳಗೆ ಬಂಗಾರದಂಥ ಹುಡುಗಿ. ಹೊರಗೆ ಕರೆದುಕೊಂಡು ಹೋದರೆ ಮುಗಿಯಿತು ಕಥೆ. ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ, ನೆಲದ ಮೇಲೆ ಬೀಳುತ್ತಾಳೆ, ಮುಟ್ಟಲು ಹೋದರೆ ಒದೆಯುತ್ತಾಳೆ. ಸುತ್ತ ಜನ ಸೇರುತ್ತಾರೆ. ಬಿಟ್ಟಿ ಸಲಹೆಗೇನು ಬರವೇ? "ಮುದ್ದು ಜಾಸ್ತಿಯಾಯ್ತು." "ಎರಡು ಬಿಟ್ರೆ ತಾನಾಗೇ ಸರಿಹೋಗ್ತಾಳೆ." ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ.

ನನ್ನ ಯಜಮಾನರು ಬಸ್ ಡ್ರೈವರ್. ನಾನು ಹೇಳುವ ಮೊದಲೇ ಸುದ್ದಿ ಡಿಪೋ ಮುಟ್ಟಿತ್ತು. ಸಂಜೆ ಡ್ಯೂಟಿ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು ಹೇಳಿದರು, "ಇನ್ನು ಸಾಕು. ಇವಳನ್ನ ಎಲ್ಲಿಗೂ ಕರ್ಕೊಂಡು ಹೋಗೋದು ಬೇಡ. ಅವಳಿಗೂ ಹಿಂಸೆ, ನಮಗೂ ಹಿಂಸೆ."

"ಮತ್ತೆ ಶನಿವಾರದ್ದು?" ಎಂದೆ.

ಇಪ್ಪತ್ತು ವರ್ಷ ಒಂದೂ ಅಪಘಾತವಿಲ್ಲದೆ ಬಸ್ ಓಡಿಸಿದ ಮೂವರಿಗೆ ಶನಿವಾರ ಡಿಪೋದಲ್ಲಿ ಸನ್ಮಾನವಿತ್ತು. ಅವರಲ್ಲಿ ಇವರೂ ಒಬ್ಬರು. ಕಾಗದ ಬಂದ ದಿನದಿಂದ ಇವರಿಗೆ ಒಂದೇ ಆಸೆ, ಮಗಳು ನೋಡಬೇಕು ಎಂದು. ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಆ ಕಾಗದವನ್ನು ಅವಳಿಗೆ ಮೂರು ಸಲ ಓದಿ ಹೇಳಿದ್ದನ್ನು ನಾನು ನೋಡಿದ್ದೆ.

"ನೀವಿಬ್ರೂ ಮನೇಲೇ ಇರಿ," ಎಂದರು ಕೊನೆಗೆ.

ನನಗೆ ಜಗಳವಾಡುವುದಕ್ಕೂ ಸುಸ್ತಾಗಿತ್ತು.

ಮಂಗಳವಾರ ಆರೋಗ್ಯ ಕೇಂದ್ರದ ನರ್ಸ್ ಮನೆಗೆ ಬಂದರು. ಅವರ ಯೂನಿಫಾರ್ಮಿನ ಸೊಂಟದ ಹೊಲಿಗೆ ಬಿಡಿಸಿ ಅಗಲ ಮಾಡಬೇಕಿತ್ತು. ಅದು ಆ ವರ್ಷದಲ್ಲಿ ಎರಡನೇ ಸಲ.

"ಈ ಬಟ್ಟೆ ತುಂಬ ಕುಗ್ತಾ ಇದೆ ಅಕ್ಕಾ."

"ಹೌದು ಸಿಸ್ಟರ್, ಎಲ್ಲ ಬಟ್ಟೆದೇ ತಪ್ಪು," ಎಂದೆ. ನಕ್ಕರು. ಅಳತೆ ತೆಗೆಯುತ್ತಾ ಭಾನುವಾರದ ಕಥೆ ನನ್ನ ಬಾಯಿಂದ ಜಾರಿತು. ರಜೆಯಲ್ಲಿದ್ದ ಯಜಮಾನರು ಚಹಾ ಹಿಡಿದುಕೊಂಡು ಗೋಡೆಗೊರಗಿ ಕೂತಿದ್ದರು.

"ಕಿರುಚೋದು ಬಿಡಿ," ಎಂದರು ನರ್ಸ್. "ಅದಕ್ಕೆ ಮುಂಚೆ ಏನಾಯ್ತು? ಮನೆ ಬಿಟ್ಟಾಗಿಂದ ಹೇಳಿ."

"ಏನಾಗುತ್ತೆ? ಇವರ ಬಸ್ಸಲ್ಲೇ ಹೋದ್ವಿ."

"ಎಲ್ಲಿ ಕೂತಿದ್ಲು?"

ಇದಕ್ಕೆ ಯಜಮಾನರೇ ಉತ್ತರ ಕೊಟ್ಟರು. "ಎಂಜಿನ್ ಪಕ್ಕದ ಸೀಟು. ಅದನ್ನ ನಾನು ಬೇರೆ ಯಾರಿಗೂ ಕೊಡಲ್ಲ. ಮುಂದಿನ ಗಾಜಲ್ಲಿ ಇಡೀ ರಸ್ತೆ ಕಾಣುತ್ತೆ."

"ಎಷ್ಟು ಹೊತ್ತಿನ ದಾರಿ?"

"ಮುಕ್ಕಾಲು ಗಂಟೆ."

"ಮುಕ್ಕಾಲು ಗಂಟೆ ಎಂಜಿನ್ ಸದ್ದು, ಬಿಸಿ, ಡೀಸೆಲ್ ವಾಸನೆ, ಹಾರ್ನ್. ಸರಿ, ಯಾವ ಬಟ್ಟೆ ಹಾಕಿದ್ರಿ?"

ನಾನು ಜಂಬದಿಂದಲೇ ಆ ಫ್ರಾಕ್ ತಂದು ತೋರಿಸಿದೆ. ಮೂರು ಪದರ ನೆಟ್, ಕುತ್ತಿಗೆ ಸುತ್ತ ಲೇಸ್. ಎರಡು ದಿನ ಕೂತು ಹೊಲಿದಿದ್ದೆ. ನರ್ಸ್ ಅದರ ಒಳಮೈಯನ್ನು ನನ್ನ ಕುತ್ತಿಗೆಗೆ ಉಜ್ಜಿದರು. ಚುಚ್ಚಿತು. ಹದಿನೈದು ವರ್ಷದಿಂದ ಹೊಲಿಯುತ್ತಿದ್ದೇನೆ; ನನ್ನ ಮಗಳಿಗೇ ಹೊಲಿದ ಬಟ್ಟೆ ಒಳಗಿಂದ ಹೇಗಿದೆ ಎಂದು ನೋಡಿರಲಿಲ್ಲ. ನಾಚಿಕೆಯಾಯಿತು.

"ಬೀದಿಗೆ ಇಳಿಯೋ ಹೊತ್ತಿಗೇ ಅವಳಿಗೆ ಸಾಕಾಗಿತ್ತು," ಎಂದರು ನರ್ಸ್. "ನೀವಿಬ್ರೂ ಇರೋದ್ರಲ್ಲಿ ಒಳ್ಳೇದನ್ನೇ ಕೊಟ್ಟಿದ್ದೀರಿ. ಅವಳಿಗೆ ಅದೇ ಹೊರೆಯಾಯ್ತು. ಕೆಲವು ಮಕ್ಕಳಿಗೆ ಸದ್ದು, ಬೆಳಕು, ವಾಸನೆ, ಮೈಗೆ ತಾಗೋ ಬಟ್ಟೆ ಎಲ್ಲ ನಮಗಿಂತ ಎಷ್ಟೋ ಜೋರಾಗಿ ತಟ್ಟುತ್ತೆ. ಇದು ಹಟ ಅಲ್ಲ, ತಡ್ಕೊಳ್ಳೋಕೆ ಆಗ್ತಿಲ್ಲ ಅಷ್ಟೇ. ಒಂದ್ಸಲ ಮಕ್ಕಳ ಡಾಕ್ಟರಿಗೆ ತೋರಿಸಿ. ಬಯ್ಯೋದು, ಹೊಡೆಯೋದು ಮಾತ್ರ ಬೇಡ."

"ನಾವೂ ಇದೇ ಸದ್ದಲ್ಲಿ ಬೆಳೆದಿಲ್ವಾ?" ಯಜಮಾನರು ಬಿಡಲಿಲ್ಲ. "ಅಭ್ಯಾಸ ಆಗ್ಬೇಕಪ್ಪ. ಇಲ್ದಿದ್ರೆ ನಾಳೆ ಹೆಂಗೆ ಬಾಳ್ತಾಳೆ?"

"ಅಣ್ಣಾ, ನಿಮಗೆ ಕನ್ನಡಕ ಇದೆಯಲ್ಲ. ಅದನ್ನ ತೆಗೆದಿಟ್ಟು ಬಸ್ ಓಡಿಸಿ, ಅಭ್ಯಾಸ ಆಗುತ್ತೆ ಅಂದ್ರೆ ಓಡಿಸ್ತೀರಾ?"

ಯಜಮಾನರು ಕನ್ನಡಕ ತೆಗೆದು ನೋಡಿ ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಹಂಗಾದ್ರೆ ಶನಿವಾರ ಅವಳು ಬರಬಹುದಾ?"

"ಬರಬಹುದು. ಒಂದೇ ಷರತ್ತು. ಅವಳು ಸಾಕು ಅಂದ ತಕ್ಷಣ ಅಕ್ಕ ಎದ್ದು ಹೊರಡಬೇಕು. ನೀವು ವೇದಿಕೆ ಮೇಲಿದ್ರೂ ಸರಿ."

ಯಜಮಾನರು ನನ್ನ ಮುಖ ನೋಡಿದರು. "ಆಯ್ತು," ಎಂದರು.

ಗುರುವಾರ ಮಧ್ಯಾಹ್ನ ಡಿಪೋ ಖಾಲಿ ಇರುವಾಗ ಬಟನ್‌ಳನ್ನು ಕರೆದುಕೊಂಡು ಹೋದೆವು. ಬಸ್ಸಿನಲ್ಲಿ ಮಧ್ಯದ ಸೀಟು, ಕಿಟಕಿ ಪಕ್ಕ. ಅಪ್ಪ ಎಲ್ಲಿ ಕೂರುತ್ತಾರೆ, ನಾವೆಲ್ಲಿ ಕೂರುತ್ತೇವೆ, ಜನ ಹೇಗೆ ಚಪ್ಪಾಳೆ ತಟ್ಟುತ್ತಾರೆ ಎಂದು ಮೊದಲೇ ತೋರಿಸಿದೆವು. ಬಿಡಿಭಾಗಗಳ ಕೋಣೆ ತಣ್ಣಗೆ, ಸದ್ದಿಲ್ಲದೆ ಇತ್ತು. ಅವಳಿಗೆ ಕಷ್ಟವಾದರೆ ಬಂದು ಕೂರಲೆಂದು ಶನಿವಾರ ಅದಕ್ಕೆ ಬೀಗ ಹಾಕುವುದಿಲ್ಲ ಎಂದು ಸ್ಟೋರ್‌ನವರು ಒಪ್ಪಿಕೊಂಡರು. ಮೆಕ್ಯಾನಿಕ್‌ಗಳು ಹಾಕಿಕೊಳ್ಳುವ, ಕಿವಿಗೆ ಸದ್ದು ಬೀಳದಂಥ ಹೆಡ್‌ಫೋನ್ ಒಂದನ್ನು ಯಜಮಾನರು ಕೇಳಿ ತಂದರು. ದೊಡ್ಡದಾಯಿತು. ಹತ್ತಿ ಬಟ್ಟೆಯ ಪಟ್ಟಿ ಹೊಲಿದು ಅವಳ ತಲೆಗೆ ಸರಿಮಾಡಿದೆ. ಒಗೆದು ಒಗೆದು ಮೆತ್ತಗಾದ ಹಳೇ ಫ್ರಾಕೇ ಸಾಕು ಎಂದುಕೊಂಡು ಅದರ ಲೇಬಲ್ ಕಿತ್ತೆ. ಸಾಕಾದರೆ ಮಾತು ಬೇಡ, ನನ್ನ ಮೊಣಕೈ ಹಿಡಿದರೆ ಸಾಕು ಎಂದು ಅವಳಿಗೆ ಕಲಿಸಿದೆ. ಮನೆಯಲ್ಲಿ ಹತ್ತು ಸಲ ಹಿಡಿದಳು, ಹತ್ತು ಸಲವೂ ಎದ್ದೆ. ಹನ್ನೊಂದನೇ ಸಲ ಬರೀ ತಮಾಷೆಗೆ ಹಿಡಿದಳು. ಆಗಲೂ ಎದ್ದೆ.

ಶನಿವಾರ ಹೊಟ್ಟೆ ತುಂಬ ಉಣಿಸಿ, ಜನ ಸೇರುವ ಮೊದಲೇ ಹೋದೆವು. ಕೊನೆಯ ಸಾಲು, ಬಾಗಿಲ ಪಕ್ಕ, ಸ್ಪೀಕರ್‌ನಿಂದ ದೂರ. ಬಟನ್ ಹೆಡ್‌ಫೋನ್ ಹಾಕಿಕೊಂಡು ವೇದಿಕೆಯ ಮೇಲಿದ್ದ ಅಪ್ಪನಿಗೆ ಕೈಬೀಸಿದಳು. ಅಪ್ಪನೂ ಎಲ್ಲರೆದುರು ಕೈಬೀಸಿದರು. ಒಬ್ಬ ಡ್ರೈವರ್‌ಗೆ ಸನ್ಮಾನವಾಯಿತು. ಆಮೇಲೆ ಹಿರಿಯ ಅಧಿಕಾರಿ ಮೈಕ್ ಹಿಡಿದರು, ಹಿಡಿದವರು ಬಿಡಲಿಲ್ಲ. ಎರಡನೆಯವರದೂ ಆಯಿತು. ಇನ್ನು ಇವರ ಹೆಸರೇ.

ಆಗ ಅವಳ ಕೈ ನನ್ನ ಮೊಣಕೈಗೆ ಬಂತು.

"ಇನ್ನೆರಡೇ ನಿಮಿಷ ತಡಿ ಪುಟ್ಟಾ" ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಇಪ್ಪತ್ತು ವರ್ಷಕ್ಕೆ ಒಂದು ಸಲ ಬರುವ ಎರಡು ನಿಮಿಷ. ವೇದಿಕೆಯತ್ತ ನೋಡಿದೆ. ಯಜಮಾನರು ನಮ್ಮನ್ನೇ ನೋಡುತ್ತಿದ್ದರು. ಗದ್ದ ಎತ್ತಿ ಬಾಗಿಲು ತೋರಿಸಿದರು, ಹೋಗಿ ಎಂದು.

ಎದ್ದೆವು. ಅವಳು ನನ್ನ ಬೆರಳು ಹಿಡಿದು ತನ್ನ ಕಾಲಲ್ಲೇ ನಡೆದು ಹೊರಬಂದಳು. ಅಳಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಬಿಡಿಭಾಗಗಳ ಕೋಣೆಯಲ್ಲಿ ಕೂತಾಗ ದೂರದಿಂದ ಚಪ್ಪಾಳೆ ಕೇಳಿಸಿತು. ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಕೇಳಿದಳು, "ಅಪ್ಪಂಗಾ?"

"ಹೌದಮ್ಮ, ಅಪ್ಪಂಗೇ."

ಇವರು ವೇದಿಕೆಯಿಂದ ಇಳಿಯುವಾಗ ಅಧಿಕಾರಿ, "ಮನೆಯವರು ಬಂದಿಲ್ವೇನ್ರೀ?" ಎಂದು ಕೇಳಿದರಂತೆ. ಇದನ್ನು ನನಗೆ ಹೇಳಿದ್ದು ಇವರ ಕಂಡಕ್ಟರ್. "ಬಂದಿದ್ರು ಸಾರ್," ಎಂದರಂತೆ ಇವರು. "ನನ್ನ ಮಗಳು ಇಪ್ಪತ್ತು ನಿಮಿಷ ಕೂತಿದ್ಲು!" ವೇದಿಕೆಯ ಮೇಲೆ ತಮ್ಮ ಇಪ್ಪತ್ತು ವರ್ಷದ ಬಗ್ಗೆ ಮೆಲ್ಲಗೆ ಮಾತಾಡಿದ ಮನುಷ್ಯ ಇದನ್ನು ಮಾತ್ರ ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದರಂತೆ.

ಎಲ್ಲ ಸಲವೂ ಹೀಗಾಗುವುದಿಲ್ಲ. ಕಳೆದ ವಾರ ಔಷಧಿ ಅಂಗಡಿ ಮುಂದೆ ಬಟನ್ ಮತ್ತೆ ಅತ್ತಳು, ಅವಳ ಜೊತೆ ನಾನೂ ಅತ್ತೆ. ಸುಸ್ತು ಇನ್ನೂ ಹೋಗಿಲ್ಲ. ಆದರೆ ಮನೆಯಲ್ಲೇ ಕೂಡಿಹಾಕುವ ಮಾತು ನಮ್ಮ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ, ಹೊರಡುವ ಮೊದಲು ದಾರಿಯನ್ನು ಮಗುವಿನ ಕಿವಿಯಿಂದ, ಮಗುವಿನ ಮೈಯಿಂದ ಒಮ್ಮೆ ಯೋಚಿಸಿ. ಜಾಗವನ್ನು ಮೊದಲೇ ತೋರಿಸಿ. ಸ್ವಲ್ಪ ಹೊತ್ತು ಸಾಕು, ಅಳು ಬರುವ ಮೊದಲೇ ಎದ್ದು ಬನ್ನಿ. ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಂಕೋಚವಿಲ್ಲದೆ ಕೇಳಿ.

ನೀವು ಸಭೆ ಸಮಾರಂಭ ಮಾಡುವವರಾದರೆ ಸ್ಪೀಕರ್ ಸ್ವಲ್ಪ ತಗ್ಗಿಸಿ, ಬಾಗಿಲ ಹತ್ತಿರ ಎರಡು ಕುರ್ಚಿ ನಮ್ಮಂಥವರಿಗೆ ಬಿಡಿ. ನಾವು ಬೇಗ ಎದ್ದು ಹೋಗುತ್ತೇವೆ. ಬೇಸರ ಮಾಡಿಕೊಳ್ಳಬೇಡಿ. ಬಂದಿದ್ದೆವಲ್ಲ, ಅದನ್ನು ನೆನಪಿಡಿ.