ಗಿಲಕಿ ಕಸಿದುಕೊಂಡ ಕೈ

ನಮ್ಮ ಚನ್ನಪಟ್ಟಣದಲ್ಲಿ ಯಾರಿಗೆ ಸನ್ಮಾನವಾದರೂ ಸನ್ಮಾನ ಪತ್ರ ಬರೆಯುವ ಕರ್ಮ ನನ್ನದೇ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ತಪ್ಪಿಗೆ, ರಿಟೈರಾದ ಮೇಲೂ ಈ ಚಾಕರಿ ತಪ್ಪಲಿಲ್ಲ. ಪತ್ರ ಯಾರದಾದರೂ ಗುಣಗಳು ಅವೇ: ಸರಳರು, ಸಜ್ಜನರು, ದೂರದೃಷ್ಟಿಯುಳ್ಳವರು. ಹೆಸರು ಮಾತ್ರ ಬೇರೆ. ನಾನು ಓದುವಾಗ ಜನರ ಕಿವಿಯೆಲ್ಲ ಊಟದ ಎಲೆ ಹಾಸುವ ಸದ್ದಿನ ಕಡೆಗಿರುತ್ತದೆ.

ಹಬೀಬನ ಪತ್ರವನ್ನು ಮಾತ್ರ ಮನಸ್ಸಿಟ್ಟು ಬರೆದೆ. ಅವನು ನನ್ನ ಶಿಷ್ಯ. ಗೊಂಬೆ ತಯಾರಕರ ಸಂಘದವರು ಅವನಿಗೆ 'ವರ್ಷದ ಉದ್ಯಮಿ' ಎಂದು ಶಾಲು ಹೊದಿಸಲು ನಿಶ್ಚಯಿಸಿದಾಗ, ಒಂದಾದರೂ ಸುಳ್ಳಿಲ್ಲದ ಪತ್ರ ಬರೆಯುವ ಯೋಗ ಬಂತಲ್ಲ ಎಂದು ಖುಷಿಪಟ್ಟೆ. ಕೆಲಸಗಾರರ ಸಂಬಳ ಒಂದು ದಿನ ತಡ ಮಾಡಿದವನಲ್ಲ. ಬಣ್ಣದ ಕೆಲಸದ ಮುನಿಯಮ್ಮನ ಕೈಗೆ ಮಿಷನ್ನಿನ ಏಟು ಬಿದ್ದಾಗ ತಾನೇ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದ. ಯಾರ ಮೇಲೂ ದನಿ ಎತ್ತಿದ್ದು ನಾನು ಕಾಣೆ.

ಅವನ ಗೊಂಬೆ ಕಾರ್ಖಾನೆ ಕಟ್ಟಿದವರು ತಂದೆ ಇದ್ರೀಸ್ ಸಾಬರು. ಅವರದೊಂದು ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಹೊಸ ಗಿಲಕಿಗಳು ತಯಾರಾದಾಗ ಮೊದಲನೆಯದು ಮನೆಯ ಕೂಸಿನ ಬಾಯಿಗೆ ಹೋಗಬೇಕು. ಕೂಸು ಅದನ್ನು ಕಚ್ಚಿ, ಚೀಪಿ, ಜೊಲ್ಲು ಸುರಿಸಿದ ಮೇಲೆಯೇ ಉಳಿದ ಮಾಲು ಅಂಗಡಿಗೆ. ಅರಗಿಗೆ ಅರಿಸಿನ, ಗಿಡದ ಬಣ್ಣ ಬೆರೆಸಿ ಮರಕ್ಕೆ ಹಚ್ಚಿದರೆ ಕೂಸಿಗೆ ಆಗುವುದೇನು? ಹಬೀಬನೇ ಹಾಗೆ ಚೀಪಿ ಚೀಪಿ ಬೆಳೆದವನು. ಆಮೇಲೆ ಸಾಬರು ತೀರಿಕೊಂಡರು, ಮನೆಯಲ್ಲಿ ಕೂಸೂ ಇರಲಿಲ್ಲ, ಪದ್ಧತಿ ಹಾಗೇ ನಿಂತುಹೋಯಿತು. ಸಾಬರ ಹೆಂಡತಿ ಜೈನಬಮ್ಮನಿಗೆ ಮಂಡಿನೋವು ಬಂದು ಕಾರ್ಖಾನೆಗೆ ಬರುವುದೂ ತಪ್ಪಿತು.

ಸನ್ಮಾನ ಕಾರ್ಖಾನೆಯ ಅಂಗಳದಲ್ಲೇ ಇತ್ತು. ಗೇಟಿನ ಬಳಿ ಲಾರಿ ನಿಂತಿತ್ತು, ತುಂಬ ಗಿಲಕಿಯ ಪೆಟ್ಟಿಗೆಗಳು. ಹೊರದೇಶದ ಕಂಪನಿಯೊಂದರ ಆರ್ಡರು, ಎಲ್ಲ ಎಳೆಮಕ್ಕಳ ಆಟಿಕೆ. ಲಾರಿ ಅಂದೇ ಹೊರಟು ಹಡಗಿನ ಬಂದರು ಸೇರದಿದ್ದರೆ ಆರ್ಡರು ರದ್ದು ಎಂದು ಕರಾರು. ಅದನ್ನು ನಂಬಿಕೊಂಡೇ ಹಬೀಬ ಹೈವೇ ಪಕ್ಕ ಹೊಸ ಶೆಡ್ಡು ಕಟ್ಟಿದ್ದ, ಬಣ್ಣದ ಕೆಲಸವನ್ನೆಲ್ಲ ಅಲ್ಲಿಗೆ ಸಾಗಿಸಿದ್ದ. ಸಭೆ ಮುಗಿದ ಕೂಡಲೇ ಲಾರಿಗೆ ಬಾವುಟ ತೋರಿಸುವುದೆಂದು ಸಂಘದ ಅಧ್ಯಕ್ಷ ಬೋರಲಿಂಗಯ್ಯ ಒಂದು ಹಸಿರು ಬಟ್ಟೆಯನ್ನೂ ತಂದಿದ್ದ.

ಹಬೀಬನಿಗೆ ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸಿದ ಮೇಲೆ ನಾನು ಮೈಕಿನ ಮುಂದೆ ನಿಂತು ಓದಲು ಶುರು ಮಾಡಿದೆ. ಮುಂದಿನ ಕುರ್ಚಿಯಲ್ಲಿ ಜೈನಬಮ್ಮ, ಅವರ ತೊಡೆಯ ಮೇಲೆ ಹಬೀಬನ ಮಗ ಮುನ್ನಾ. ಈಗಷ್ಟೇ ಹಲ್ಲು ಮೂಡುತ್ತಿದ್ದ ಕೂಸು, ಅಜ್ಜಿಯ ಸೆರಗನ್ನೇ ಜಗಿಯುತ್ತಿತ್ತು. ಎರಡು ಸಾಲು ಓದಿರಲಿಲ್ಲ, ಜೈನಬಮ್ಮ ಎದ್ದು ವೇದಿಕೆಯ ಹತ್ತಿರ ಬಂದರು.

"ಮೇಷ್ಟ್ರೇ, ನೀವು ಓದ್ತಾ ಇರಿ. ಇವರಪ್ಪನ ಪದ್ಧತಿ ಒಂದೈತೆ, ಇವತ್ತು ಅದೂ ಆಗೋಗ್ಲಿ. ದೇವರು ಕೂಸು ಕೊಟ್ಟವ್ನೆ."

ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟಿದ್ದ ಪೆಟ್ಟಿಗೆಯಿಂದ ಕೆಂಪು ಗಿಲಕಿಯೊಂದನ್ನು ಎತ್ತಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನನಗೂ ಕಣ್ಣು ತುಂಬಿ ಬಂತು. ಇದ್ರೀಸ್ ಸಾಬರು ಇರಬೇಕಿತ್ತು ಎಂದುಕೊಂಡು ಪತ್ರಕ್ಕೆ ಕಣ್ಣು ಕೀಲಿಸಿ ಓದಿದೆ: "ಪ್ರಾಮಾಣಿಕತೆಯನ್ನೇ ಉಸಿರಾಗಿಸಿಕೊಂಡ, ಗ್ರಾಹಕರ ಮಕ್ಕಳನ್ನು ತಮ್ಮ ಮಕ್ಕಳಂತೆಯೇ ಕಾಣುವ..."

"ಬ್ಯಾಡಮ್ಮೀ! ಬಾಯಿಗೆ ಬ್ಯಾಡ!"

ಹಬೀಬನ ಕೂಗು ನನ್ನ ಮುಂದಿನ ಮೈಕಿನಲ್ಲಿ ಸಿಕ್ಕಿ ರಸ್ತೆಯವರೆಗೂ ಕೇಳಿತು. ತಲೆಯೆತ್ತಿ ನೋಡುತ್ತೇನೆ, ಶಾಲು ನೆಲದಲ್ಲಿ ಬಿದ್ದಿದೆ, ಅವನು ಕೂಸಿನ ಬಾಯಿಂದ ಗಿಲಕಿ ಕಸಿದುಕೊಂಡು ನಿಂತಿದ್ದಾನೆ. ಕೂಸು ಕಿಟಾರನೆ ಕಿರುಚಿತು. ಹಾವೋ ಚೇಳೋ ಇತ್ತೇನೋ ಎಂದೇ ನಾನು ಮೊದಲು ತಿಳಿದದ್ದು.

ಜೈನಬಮ್ಮನಿಗೂ ಅರ್ಥವಾಗಲಿಲ್ಲ. "ಯಾಕೋ ಬೇಟಾ? ಏನಾಯ್ತೋ?"

"ಅದು... ಆಡಕ್ಕೆ ಅಮ್ಮೀ. ಚೀಪಕ್ಕಲ್ಲ."

"ಗಿಲಕೀನಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಅಲ್ಲೇ ನುಂಗಿಕೊಂಡರು. ಕೆಲಸಗಾರರ ನಡುವೆ ಕೂತಿದ್ದ ಮುನಿಯಮ್ಮ ತಲೆ ತಗ್ಗಿಸಿದಳು. ಜೈನಬಮ್ಮ ಒಮ್ಮೆ ಅವಳನ್ನು ನೋಡಿದರು, ಆಮೇಲೆ ಮಗನ ಕೈಯಲ್ಲಿದ್ದ ಗಿಲಕಿಯನ್ನು ಮೂಗಿನ ಹತ್ತಿರ ಎಳೆದುಕೊಂಡು ಮೂಸಿದರು.

"ಅರಗಲ್ಲ ಇದು."

"ಅರಗು ಸಾಲ್ದಾಯ್ತು ಅಮ್ಮೀ. ದಿನ ಹತ್ರ ಬಂದ್ಬುಟ್ತು. ಶೆಡ್ನಾಗೆ ಪೇಂಟ್ ಹೊಡಿಸ್ಬುಟ್ಟೆ. ಈ ಒಂದ್ ಸಲಕ್ಕೆ."

"ಲಾರೀಲಿರೋದು?"

"ಎಲ್ಲಾ ಇದೇಯ."

"ಅಲ್ಲೂ ಮಕ್ಕಳಿಗೇ ತಾನೆ?"

"ಸರ್ಟಿಫಿಕೇಟ್ ಐತೆ ಅಮ್ಮೀ. ಏನೂ ಆಗಕಿಲ್ಲ."

"ಏನೂ ಆಗಕಿಲ್ವಾ? ಸರಿ ಮತ್ತೆ." ಜೈನಬಮ್ಮ ಅಳುತ್ತಿದ್ದ ಕೂಸನ್ನು ಅವನ ಮುಂದೆ ಹಿಡಿದರು. "ತಗೋ. ನೀನೇ ಕೊಡು."

ಕೂಸಿಗೆ ಇದೊಂದೂ ಬೇಕಿರಲಿಲ್ಲ, ಅದಕ್ಕೆ ಬೇಕಿದ್ದದ್ದು ಗಿಲಕಿ. ಎರಡೂ ಕೈ ಚಾಚಿ, ಅಳುತ್ತಳುತ್ತಲೇ ಅಪ್ಪನ ಮುಷ್ಟಿಯನ್ನು ಬಿಡಿಸಲು ನೋಡಿತು. ಹಬೀಬ ಮುಷ್ಟಿ ಬಿಗಿದುಕೊಂಡ. ಎದೆಯೆತ್ತರಕ್ಕೆ, ಆಮೇಲೆ ಭುಜದೆತ್ತರಕ್ಕೆ ಕೈ ಎತ್ತಿಕೊಂಡ. ಕೂಸಿನ ಕೈಗೆ ಎಟುಕಬಾರದೆಂದು ಆ ಹೆದರಿಕೆ! ಥೂ, ಇವನ ಮಗನಿಗೊಂದು ಬಾಯಿ, ಊರವರ ಮಕ್ಕಳಿಗೊಂದು ಬಾಯಿಯೇ? ನಾನು ಪಾಠ ಹೇಳಿದ ಹುಡುಗ ಇವನು!

ಹಬೀಬ ಗಿಲಕಿಯನ್ನು ಜೇಬಿಗೆ ತುರುಕಿಕೊಂಡು ವೇದಿಕೆಯಿಂದಿಳಿದು ಗೇಟಿನ ಕಡೆ ನಡೆದ. ಇಂಜಿನ್ ಶುರು ಮಾಡಿಕೊಂಡು ಕೂತಿದ್ದ ಡ್ರೈವರ್ ತಲೆ ಹೊರಹಾಕಿದ.

"ಹೊರಡ್ಲಾ ಸಾರ್?"

"ಆಫ್ ಮಾಡು. ಇಳಿಸ್ಬೇಕು."

ಬೋರಲಿಂಗಯ್ಯ ಹಸಿರು ಬಟ್ಟೆ ಹಿಡಿದುಕೊಂಡೇ ಓಡಿದ. "ಲೇ ಹಬೀಬಾ, ಆರ್ಡರ್ ಹೋಯ್ತದೆ ಕಣ್ಲಾ! ಶೆಡ್ಡಿನ ಗತಿ ಏನ್ಲಾ?"

ಹಬೀಬ ಲಾರಿಯ ಹಿಂಬಾಗಿಲು ಬಿಚ್ಚಿ ಮೊದಲ ಪೆಟ್ಟಿಗೆಯನ್ನು ತಾನೇ ಹೆಗಲಿಗೇರಿಸಿದ. ಸ್ವಲ್ಪ ಹೊತ್ತು ಒಬ್ಬನೇ ಹೊತ್ತ. ಆಮೇಲೆ ಮುನಿಯಮ್ಮ ಎದ್ದು ಹೋದಳು, ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು.

ಪತ್ರವನ್ನು ಮಡಚಿ ಜುಬ್ಬದ ಜೇಬಿಗಿಟ್ಟುಕೊಂಡು ಜೈನಬಮ್ಮನ ಹತ್ತಿರ ಹೋದೆ. ಮಗ ಮಾಲು ಇಳಿಸುತ್ತಿರುವುದನ್ನು ಅವರು ನೋಡುತ್ತಲೂ ಇರಲಿಲ್ಲ. ನೀರಲ್ಲದ್ದಿದ ಸೆರಗಿನಿಂದ ಕೂಸಿನ ನಾಲಿಗೆಯನ್ನು ಒರೆಸುತ್ತಿದ್ದರು. ಒರೆಸಿ, ಸೆರಗಿನಲ್ಲಿ ಕೆಂಪಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸುತ್ತಿದ್ದರು.

"ನನ್ನ ಕೈಯಾರೆ ಇಟ್ಬುಟ್ಟೆ ಮೇಷ್ಟ್ರೇ. ನನ್ನ ಕೈಯಾರೆ." ಕೂಸಿನ ಬಾಯಿ ಅಗಲಿಸಿ ನೋಡಿದರು. "ಕಚ್ಚಿರಲಿಲ್ಲ ಅಲ್ವಾ? ಬರೀ ತುಟೀಗೆ ಮುಟ್ಟಿಸಿದ್ದು ಅಲ್ವಾ? ನೀವು ಎದುರುಗೇ ನಿಂತಿದ್ರಲ್ಲ, ಹೇಳಿ, ನೀವು ನೋಡುದ್ರಲ್ಲ?"

ನಾನು ನೋಡಿರಲಿಲ್ಲ. ಅವರ ಮಗನ ಗುಣಗಾನ ಓದುತ್ತಿದ್ದೆ.